ಡಾರ್ಟ್ ಇಲ್ಲದ ಅಂಗಿ: ನನ್ನ ಅನುಭವ

ನನ್ನ ಕೆಲಸ ಪ್ಯಾಟರ್ನ್ ಕತ್ತರಿಸುವುದು. ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಗಂಡಸರ ಶರ್ಟುಗಳ ಅಳತೆ, ಗ್ರೇಡಿಂಗ್, ಸ್ಯಾಂಪಲ್ ನೋಡಿಕೊಳ್ಳುತ್ತೇನೆ. ಊರು ಉಡುಪಿ ಹತ್ತಿರ. ವಯಸ್ಸು ಮೂವತ್ತು ದಾಟಿದೆ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದಾರೆ. ಈಗ ನಾನು ನನ್ನನ್ನು ಏನಂತ ಅಂದುಕೊಳ್ಳುತ್ತೇನೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ನನಗೂ ಅದು ಗೊತ್ತಾಗಿದ್ದು ಎಷ್ಟೋ ಆಮೇಲೆ. ಅದಕ್ಕಿಂತ ಮುಂಚೆ ಅಂಗಿ ಸರಿ ಮಾಡಿಕೊಂಡಿದ್ದೆ.

ನನ್ನ ಎದೆ ನನಗೆ ಕಿರಿಕಿರಿ. ಹೈಸ್ಕೂಲಿನಿಂದಲೂ. ಅದನ್ನು ಯಾರ ಹತ್ತಿರವಾದರೂ ಹೇಳಿದರೆ ಎರಡೇ ಉತ್ತರ ಸಿಗುತ್ತಿತ್ತು. ಒಂದು, "ಎಲ್ಲಾ ಹುಡುಗಿಯರಿಗೂ ಹಾಗೇ ಅನ್ಸತ್ತೆ, ಅಭ್ಯಾಸ ಆಗತ್ತೆ ಬಿಡು." ಇನ್ನೊಂದು, ಸ್ವಲ್ಪ ಓದಿಕೊಂಡ ಗೆಳೆಯರಿಂದ, "ಹಾಗಾದ್ರೆ ನೀನು ಟ್ರಾನ್ಸಾ?" ಮೊದಲನೆಯದಕ್ಕೆ ಸುಮ್ಮನಾಗಬೇಕು, ಎರಡನೆಯದಕ್ಕೆ ಆಗಲೇ ಹೌದು ಅಥವಾ ಇಲ್ಲ ಅನ್ನಬೇಕು. ಎರಡೂ ನನ್ನಿಂದ ಆಗಲಿಲ್ಲ. ಈಗ ನನ್ನ ಹತ್ತಿರ ಮಾತಾಡಲು ಬರುವ ಕಿರಿಯರೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿರುತ್ತಾರೆ: ನಾನು ಯಾರು ಅಂತ ಖಚಿತ ಆಗದೆ ಬೈಂಡರ್ (ಎದೆ ಚಪ್ಪಟೆ ಮಾಡುವ ಒಳ ಅಂಗಿ) ಹಾಕಬಹುದಾ, ಕೂದಲು ಕತ್ತರಿಸಬಹುದಾ, ಅದು ಮೋಸ ಆಗಲ್ವಾ? ಆಗುವುದಿಲ್ಲ ಮಾರಾಯ್ರೇ. ಅಂಗಿ ಬದಲಿಸಲು ಯಾರ ಸರ್ಟಿಫಿಕೇಟೂ ಬೇಡ, ನಿಮ್ಮದೂ ಬೇಡ.

ನಾನು ಮೊದಲು ಮಾಡಿದ್ದು ಏನೆಂದರೆ, ಕಿರಿಕಿರಿ ಯಾವಾಗ ಆಗುತ್ತದೆ ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ಉದ್ದುದ್ದ ಡೈರಿ ಅಲ್ಲ. "ಬಸ್, ನೂಕುನುಗ್ಗಲು." "ಮೆಟ್ಟಿಲು ಇಳಿಯುವಾಗ." "ಸ್ನಾನ." "ಅಜ್ಜಿ ತಬ್ಬಿಕೊಂಡಾಗ." ಇಷ್ಟೇ. ಕೆಲವು ವಾರ ಆದ ಮೇಲೆ ಓದಿದಾಗ ಇದು ಒಂದೇ ಕಿರಿಕಿರಿ ಅಲ್ಲ, ಮೂರು ಬೇರೆ ಬೇರೆ ವಿಷಯ ಕಲಸಿಕೊಂಡಿವೆ ಅಂತ ಗೊತ್ತಾಯಿತು. ಒಂದು ಭಾರ ಮತ್ತು ನೋವು, ಅಂದರೆ ಭುಜದ ಮೇಲೆ ಪಟ್ಟಿ ಕೊರೆಯುವುದು, ಮುಟ್ಟಿಗೆ ಮುಂಚೆ ಎರಡೂ ಕಡೆ ಬಿಗಿಯುವುದು. ಇದಕ್ಕೂ ಲಿಂಗತ್ವಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ, ಸರಿಯಾದ ಅಳತೆಯ ಒಳ ಉಡುಪು ಸಿಕ್ಕರೆ ಎಷ್ಟೋ ಕಡಿಮೆ ಆಗುತ್ತದೆ, ನನಗೂ ಆಯಿತು. ಎರಡನೆಯದು ಜನರ ಕಣ್ಣು. ಮುಖ ಬಿಟ್ಟು ಅಲ್ಲೇ ನೋಡಿ ಮಾತಾಡುವ ಗಂಡಸರು. ಅದಕ್ಕೆ ಯಾವ ಹೆಣ್ಣಿಗಾದರೂ ಸಿಟ್ಟು ಬರುತ್ತದೆ. ಮೂರನೆಯದು ಮಾತ್ರ ಬೇರೆ ಥರ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವಾಗ, ಯಾರೂ ಇಲ್ಲದಾಗ, ಯಾವ ನೋವೂ ಇಲ್ಲದಾಗ ಕೂಡ ಕೆಳಗೆ ನೋಡಿದರೆ "ಇದು ಇಲ್ಲಿ ಯಾಕಿದೆ" ಅನ್ನಿಸುವುದು. ಯಾರೋ ಸಾಮಾನು ನನ್ನ ಮನೆಯಲ್ಲಿ ಇಟ್ಟು ಹೋಗಿ, ವಾಪಸ್ ಒಯ್ಯುವುದನ್ನು ಮರೆತಿದ್ದಾರೇನೋ ಅನ್ನುವ ಹಾಗೆ. ದ್ವೇಷ ಅಲ್ಲ ಅದು. ಅದನ್ನು ಡಿಸ್ಫೋರಿಯಾ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು.

ಹೀಗೆ ಬಿಡಿಸಿಕೊಂಡಿದ್ದರಿಂದ ಮುಂದಿನದೆಲ್ಲ ಸುಲಭ ಆಯಿತು. ನೋವಿಗೆ ಮದ್ದು ಬೇರೆ, ಜನರ ಕಣ್ಣಿಗೆ ಉಪಾಯ ಬೇರೆ. ಮೂರನೆಯದಕ್ಕೆ ಸ್ವಲ್ಪ ಸ್ವಲ್ಪವೇ ಮಾಡಿ ನೋಡಬೇಕಿತ್ತು.

ಅದರ ಸುಳಿವು ನನಗೆ ಮುಂಚೆಯೇ ಸಿಕ್ಕಿತ್ತು ಅಂತ ಈಗ ಅನಿಸುತ್ತದೆ. ಕಾಲೇಜಿನಲ್ಲಿ ಹುಡುಗಿಯರ ಯಕ್ಷಗಾನ ತಂಡ ಇತ್ತು. ನಾನು ಪುಂಡುವೇಷ, ಅಂದರೆ ಎಳೆಯ ವೀರರ ಪಾತ್ರ, ಮಾಡುತ್ತಿದ್ದೆ, ಅಭಿಮನ್ಯು, ಬಬ್ರುವಾಹನ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ದಗಲೆ, ಅಂದರೆ ವೇಷದ ಅಂಗಿ, ತೊಡಿಸಿ, ಎದೆಕಟ್ಟು ಕಟ್ಟಿ, ಭುಜಕೀರ್ತಿ ಏರಿಸುವಾಗ ಬಾಕಿ ಹುಡುಗಿಯರು "ಭಾರ, ಸೆಕೆ, ಬೇಗ ಮುಗಿಯಲಿ" ಅನ್ನುತ್ತಿದ್ದರು. ನನಗೆ ಅದನ್ನು ಬಿಚ್ಚುವುದೇ ಬೇಸರ. ಎದೆಕಟ್ಟಿನ ಹಿಂದೆ ಎಲ್ಲಾ ಮುಚ್ಚಿಹೋಗಿ ಭುಜದಿಂದ ಸೊಂಟದ ತನಕ ಒಂದೇ ಹಲಗೆ ಥರ ಆಗುತ್ತಿತ್ತು, ನಾನು ನನ್ನಷ್ಟಕ್ಕೇ ನೆಟ್ಟಗೆ ನಿಲ್ಲುತ್ತಿದ್ದೆ. ಉಳಿದ ದಿನವೆಲ್ಲ ಪುಸ್ತಕ ಎದೆಗೆ ಒತ್ತಿಕೊಂಡು ಗೂನು ಬೆನ್ನು ಮಾಡಿಕೊಂಡು ಓಡಾಡುವವಳು ರಂಗಸ್ಥಳದಲ್ಲಿ ಮಾತ್ರ ಎದೆ ಉಬ್ಬಿಸಿ ಅರ್ಥ (ಪಾತ್ರದ ಮಾತು) ಹೇಳುತ್ತಿದ್ದೆ. ಇದನ್ನು ಯಾರೂ ಕೇಳಲಿಲ್ಲ, ಯಾಕೆಂದರೆ ನಮ್ಮ ಕಡೆ ವೇಷ ಅಂದರೆ ವೇಷ. ಗಂಡಸು ರಾತ್ರಿಯಿಡೀ ದಾಕ್ಷಾಯಿಣಿ ಆಗಬಹುದು, ಬೆಳಿಗ್ಗೆ ಬಸ್ಸಿನಲ್ಲಿ ಮೀಸೆ ತಿರುವಿಕೊಂಡು ಮನೆಗೆ ಹೋಗಬಹುದು. ಚೌಕಿಯ ಒಳಗೆ ಎಷ್ಟು ಸಲೀಸು, ಹೊರಗೆ ಬಂದ ಕೂಡಲೇ ಎಷ್ಟು ಕಷ್ಟ ಅನ್ನುವುದು ನನಗೆ ಇವತ್ತಿಗೂ ಅರ್ಥ ಆಗುವುದಿಲ್ಲ.

ಇರಲಿ. ಕೆಲಸದ ಮಾತಿಗೆ ಬರುತ್ತೇನೆ.

ಒಳ ಉಡುಪಿನಿಂದ ಶುರು ಮಾಡಿದೆ. ಪ್ಯಾಡ್ ಇರುವುದು, ವೈರ್ ಇರುವುದು, ಚೂಪು ಕಪ್ ಇರುವುದು ಎಲ್ಲಾ ತೆಗೆದು ಬದಿಗಿಟ್ಟೆ. ಕಪ್ ಇಲ್ಲದ, ಅಡ್ಡಕ್ಕೆ ಒತ್ತುವ ಸ್ಪೋರ್ಟ್ಸ್ ಬ್ರಾ ತಂದೆ. ಜಿಪ್ ಮುಂದೆ ಇದ್ದರೆ ಹಾಕಿ ತೆಗೆಯುವುದು ಸುಲಭ, ಆದರೆ ತೆಳು ಟೀ ಶರ್ಟಿನಲ್ಲಿ ಜಿಪ್ ಎದ್ದು ಕಾಣುತ್ತದೆ. ಎಷ್ಟೋ ಜನರಿಗೆ ಇಷ್ಟೇ ಸಾಕು. ಎದೆ ಸಣ್ಣದಿದ್ದವರಿಗೆ ಬೈಂಡರ್ ಬೇಕೇ ಆಗದೆ ಇರಬಹುದು. ಒಂದರ ಮೇಲೆ ಒಂದು ಎರಡು ಸ್ಪೋರ್ಟ್ಸ್ ಬ್ರಾ ಹಾಕುವವರಿದ್ದಾರೆ, ಅದು ಮಾತ್ರ ಬೇಡ. ಬಿಗಿ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಸಿಗುವುದಿಲ್ಲ.

ಆಮೇಲೆ ಶರ್ಟು. ಇದು ನನ್ನ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹೆಂಗಸರ ಶರ್ಟಿನಲ್ಲಿ ಕಂಕುಳ ಕೆಳಗಿನಿಂದ ಎದೆಯ ತುದಿ ಕಡೆಗೆ ಒಂದು ಡಾರ್ಟ್, ಅಂದರೆ ಚೂಪಾಗಿ ಮಡಚಿ ಹಾಕುವ ಹೊಲಿಗೆ, ಹಿಡಿದಿರುತ್ತಾರೆ. ಡಾರ್ಟಿನ ಕೆಲಸವೇ ಚಪ್ಪಟೆ ಬಟ್ಟೆಯನ್ನು ಗುಂಡಗೆ ಮಾಡುವುದು, ಅಂದರೆ ಎದೆಯ ಆಕಾರ ತೋರಿಸುವುದು. ನಮಗೆ ಬೇಕಿರುವುದು ಅದರ ಉಲ್ಟಾ. ಸರಿ, ಗಂಡಸರ ಶರ್ಟು ಹಾಕಿದರೆ ಆಯಿತಲ್ವಾ? ಆಗುವುದಿಲ್ಲ. ಭುಜ ಇಳಿಬೀಳುತ್ತದೆ, ಸೊಂಟದ ಕೆಳಗೆ ಹಿಡಿಯುತ್ತದೆ, ಎರಡನೇ ಮತ್ತು ಮೂರನೇ ಗುಂಡಿಯ ನಡುವೆ ಬಾಯಿ ಬಿಡುತ್ತದೆ, ಮುಂದಿನ ಅಂಚು ಹಿಂದಿನದಕ್ಕಿಂತ ಮೇಲೆ ಎತ್ತಿಕೊಳ್ಳುತ್ತದೆ. ಡಾರ್ಟ್ ಇಲ್ಲದ ಬಟ್ಟೆ ಎದೆಯ ಮೇಲೆ ಹಾದುಹೋಗಲು ಉದ್ದವನ್ನು ಎಲ್ಲಿಂದಾದರೂ ಕದಿಯಬೇಕು, ಅದು ಕೆಳಗಿನ ಅಂಚಿನಿಂದ ಕದಿಯುತ್ತದೆ. ಜತೆಗೆ ಎದೆಯ ತುದಿಯಿಂದ ಪಕ್ಕದ ಹೊಲಿಗೆಗೆ ಓರೆಯಾಗಿ ಸುಕ್ಕು ಬೀಳುತ್ತದೆ. ನೋಡುವವರಿಗೆ ಏನು ಅಂತ ಗೊತ್ತಾಗದಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ನಾನು ಮಾಡಿಕೊಂಡದ್ದು ಹೀಗೆ. ಗಂಡಸರ 38ರ ಬ್ಲಾಕ್, ಅಂದರೆ ಮೂಲ ಪ್ಯಾಟರ್ನ್, ತೆಗೆದುಕೊಂಡೆ. ಭುಜವನ್ನು ನನ್ನ ಅಳತೆಗೆ ಇಳಿಸಿದೆ, ಸೊಂಟದ ಕೆಳಗೆ ಪಕ್ಕಕ್ಕೆ ಸೀಳು ಬಿಟ್ಟೆ. ಡಾರ್ಟನ್ನು ಪೂರ್ತಿ ಕೈಬಿಡದೆ ಬೇರೆ ಕಡೆ ತಿರುಗಿಸಿದೆ. ಮುಂದಿನ ಭಾಗಕ್ಕೂ ಒಂದು ಯೋಕ್ (ಭುಜದ ಕೆಳಗೆ ಅಡ್ಡಕ್ಕೆ ಬೇರೆಯಾಗಿ ಕೂಡಿಸುವ ತುಂಡು) ಕೊಟ್ಟರೆ, ಕೌಬಾಯ್ ಶರ್ಟುಗಳಲ್ಲಿ ಇರುತ್ತದಲ್ಲ ಹಾಗೆ, ಆ ಯೋಕಿನ ಹೊಲಿಗೆಯೊಳಗೆ ಡಾರ್ಟನ್ನು ನುಂಗಿಸಬಹುದು. ಹೊರಗಿನಿಂದ ಅಡ್ಡ ಹೊಲಿಗೆ ಮಾತ್ರ ಕಾಣುತ್ತದೆ. ಯೋಕ್ ಬೇಡ ಅಂದರೆ ಇನ್ನೊಂದು ದಾರಿ ಇದೆ: ಡಾರ್ಟನ್ನು ಜೇಬಿನ ಕೆಳಗೆ ಬರುವ ಹಾಗೆ ತಿರುಗಿಸಿ, ಮೇಲೆ ಜೇಬು ಹೊಲಿದು ಮುಚ್ಚುವುದು. ಎರಡೂ ಕಡೆ ಫ್ಲ್ಯಾಪ್ ಇರುವ ಜೇಬು ಇರಲಿ. ಜೇಬಿನ ಬಾಯಿ ಎದೆಯ ತುದಿಗಿಂತ ಸ್ವಲ್ಪ ಮೇಲೆ ಬರಬೇಕು, ಆಗ ಫ್ಲ್ಯಾಪ್ ಸರಿಯಾಗಿ ಆ ಜಾಗದ ಮೇಲೆ ಕೂರುತ್ತದೆ. ಕೆಳಗೆ ಬಂದರೆ ಜೇಬು ಓರೆಯಾಗಿ ನೆಲ ನೋಡುತ್ತದೆ, ಇದ್ದದ್ದಕ್ಕಿಂತ ಜಾಸ್ತಿ ಎದ್ದು ಕಾಣುತ್ತದೆ. ಗುಂಡಿಪಟ್ಟಿಗೆ ಫ್ಯೂಸಿಂಗ್ (ಒಳಗೆ ಅಂಟಿಸುವ ಬಟ್ಟೆ) ಗಟ್ಟಿಯದು ಹಾಕಿ. ಎರಡು ಮತ್ತು ಮೂರನೇ ಗುಂಡಿಯ ನಡುವೆ ಒಳಗಡೆ ಒಂದು ಪ್ರೆಸ್ ಬಟನ್. ಬೆನ್ನಿಗೆ ಬಾಕ್ಸ್ ಪ್ಲೀಟ್ ಇದ್ದರೆ ಕೈ ಮುಂದೆ ಚಾಚಿದಾಗ ಬಟ್ಟೆ ಎದೆಗೆ ಎಳೆದುಕೊಳ್ಳುವುದಿಲ್ಲ.

ಬಟ್ಟೆ ಆರಿಸುವುದು ಕೂಡ ಮುಖ್ಯ. ರೇಯಾನ್, ಲೈಕ್ರಾ ಬೆರೆಸಿದ ಶರ್ಟಿಂಗ್ ಎಲ್ಲಾ ಮೈಗೆ ಇಳಿಯುತ್ತವೆ. ಆಕ್ಸ್‌ಫರ್ಡ್, ಖಾದಿ, ಸ್ವಲ್ಪ ದಪ್ಪದ ಹತ್ತಿ, ಸೀರ್‌ಸಕ್ಕರ್ ತಮ್ಮಷ್ಟಕ್ಕೆ ನಿಲ್ಲುತ್ತವೆ. ಉದ್ದ ಗೆರೆ ಹಾಕಿದರೆ ತೆಳ್ಳಗೆ ಕಾಣುತ್ತೇವೆ ಅನ್ನುತ್ತಾರಲ್ಲ, ಎದೆಯ ಮಟ್ಟಿಗೆ ಅದು ಸುಳ್ಳು. ಗೆರೆ ಮತ್ತು ದೊಡ್ಡ ಚೌಕಳಿ ಎರಡೂ ಉಬ್ಬಿನ ಮೇಲೆ ಬಗ್ಗುತ್ತವೆ, ಆ ಬಗ್ಗುವಿಕೆಯೇ ಆಕಾರವನ್ನು ಬರೆದು ತೋರಿಸುತ್ತದೆ. ಸಣ್ಣ, ದಿಕ್ಕಿಲ್ಲದ ಪ್ರಿಂಟ್ ಅಥವಾ ಗಾಢ ಬಣ್ಣ ಒಳ್ಳೆಯದು. ಟೀ ಶರ್ಟಿನ ಮೇಲೆ ಗುಂಡಿ ಹಾಕದ ಶರ್ಟು ಅತಿ ಸುಲಭದ ಉಪಾಯ, ಖರ್ಚೂ ಇಲ್ಲ. ಮದುವೆ ಮುಂಜಿಗೆ ಜುಬ್ಬಾ ಮೇಲೆ ಬಂಡಿ, ಅಂದರೆ ತೋಳಿಲ್ಲದ ಕೋಟು. ಬಂಡಿ ನಿಜಕ್ಕೂ ನಮ್ಮಂಥವರಿಗೇ ಹೊಲಿದ ಹಾಗಿದೆ.

ಹೊಲಿಗೆ ಬಾರದವರು ದರ್ಜಿಗೆ ಹೇಗೆ ಹೇಳುವುದು ಅಂತ ಕೇಳುತ್ತಾರೆ. ಕಥೆಯೆಲ್ಲ ಹೇಳಬೇಕಾಗಿಲ್ಲ. ಒಂದು ಗಂಡಸರ ಶರ್ಟು ತೆಗೆದುಕೊಂಡು ಹೋಗಿ, "ಇದೇ ಮಾದರಿ, ನನ್ನ ಭುಜದ ಅಳತೆಗೆ, ಡಾರ್ಟ್ ಬೇಡ, ಎದೆಯಲ್ಲಿ ಲೂಸ್ ಇರಲಿ, ಎರಡು ಜೇಬು" ಅನ್ನಿ. ಅಳತೆ ತೆಗೆಸಿಕೊಳ್ಳಲು ಮುಜುಗರ ಆದರೆ ಮನೆಯಲ್ಲೇ ತೆಗೆದು ಚೀಟಿ ಕೊಡಿ. ದಿನಾ ಹಾಕುವ ಒಳ ಉಡುಪು ಹಾಕಿಕೊಂಡೇ ಅಳತೆ ತೆಗೆಯಬೇಕು, ಅದು ಮಾತ್ರ ನೆನಪಿರಲಿ. ಬೈಂಡರ್ ಹಾಕಿದಾಗಿನ ಅಳತೆಗೆ ಶರ್ಟು ಹೊಲಿಸಿದರೆ ಬೈಂಡರ್ ಇಲ್ಲದ ದಿನ ಆ ಶರ್ಟು ಬರುವುದಿಲ್ಲ. ಆಮೇಲೆ ಶರ್ಟಿಗೋಸ್ಕರ ಬೈಂಡರ್ ಹಾಕುವ ಸ್ಥಿತಿ ಬರುತ್ತದೆ.

ಈ ಶರ್ಟುಗಳಿಂದ ಜನರ ಕಣ್ಣಿನ ಕಾಟ ಹೆಚ್ಚುಕಡಿಮೆ ನಿಂತಿತು. ಸ್ನಾನದ ಮನೆಯದು ನಿಲ್ಲಲಿಲ್ಲ. ಆಗ ಬೈಂಡರ್ ಯೋಚನೆ ಮಾಡಿದೆ.

ಬೈಂಡರ್ ಅಂದರೆ ಎದೆಯನ್ನು ಒತ್ತಿ ಚಪ್ಪಟೆ ಮಾಡುವ ಒಳ ಅಂಗಿ. ಮುಂದುಗಡೆ ಹಿಗ್ಗದ ಬಟ್ಟೆ ಒಳಗೆ ಇರುತ್ತದೆ, ಹಿಂದುಗಡೆ ಹಿಗ್ಗುವ ಬಟ್ಟೆ. ಉಸಿರು ಎಳೆದಾಗ ಪಕ್ಕೆಲುಬು ಹಿಗ್ಗಲು ಜಾಗ ಬೇಕು, ಆ ಜಾಗ ಕೊಡುವುದು ಹಿಂದಿನ ಬಟ್ಟೆ. ಅದಕ್ಕೇ ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್, ಪ್ಯಾಕಿಂಗ್ ಟೇಪ್, ಹೊಟ್ಟೆಯ ಬೆಲ್ಟ್, ಹಳೆ ಸೀರೆ ಯಾವುದೂ ಬೇಡ. ಕ್ರೇಪ್ ಬ್ಯಾಂಡೇಜ್ ಉಳುಕಿದ ಕಾಲಿಗೆ ಮಾಡಿದ್ದು. ಸುತ್ತಿದಷ್ಟೂ ಬಿಗಿ ಏರುತ್ತದೆ, ಒತ್ತಡ ಒಂದೇ ಸಮ ಇರುವುದಿಲ್ಲ, ಉಸಿರಿಗೆ ಜಾಗ ಬಿಡುವುದಿಲ್ಲ. ಸುಲಭಕ್ಕೆ ಸಿಗುತ್ತದೆ, ಮನೆಯಲ್ಲಿ ಸಿಕ್ಕಿಬಿದ್ದರೂ ನೆಪ ಹೇಳಬಹುದು ಅಂತ ಎಷ್ಟೋ ಮಕ್ಕಳು ಅದನ್ನೇ ಸುತ್ತಿಕೊಳ್ಳುತ್ತಾರೆ. ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬೈಂಡರ್ ಕೊಳ್ಳಲು ಆಗದಿದ್ದರೆ ಸ್ಪೋರ್ಟ್ಸ್ ಬ್ರಾ ಮತ್ತು ದೊಗಲೆ ಶರ್ಟು, ಅಷ್ಟೇ.

ಅಳತೆಗೆ ಟೇಪು ಹಿಡಿದು ಎದೆಯ ಅತಿ ಉಬ್ಬಿದ ಜಾಗದಲ್ಲಿ ಒಂದು, ಅದರ ಕೆಳಗೆ ಪಕ್ಕೆಲುಬಿನ ಮೇಲೆ ಒಂದು, ಭುಜದಿಂದ ಭುಜಕ್ಕೆ ಒಂದು. ಮಾರುವವರ ಚಾರ್ಟಿನಲ್ಲಿ ಎರಡು ಸೈಜಿನ ನಡುವೆ ಬಂದರೆ ದೊಡ್ಡದು ತಗೊಳ್ಳಿ. ಚಿಕ್ಕದು ತಗೊಂಡರೆ ಇನ್ನೂ ಚಪ್ಪಟೆ ಆಗುತ್ತದೆ ಅನ್ನುವ ಆಸೆ ಬರುತ್ತದೆ, ಆದರೆ ಮಾಂಸ ಕಂಕುಳ ಕಡೆ ಉಬ್ಬಿ ಬರುತ್ತದೆ, ಅಷ್ಟೇ. ಹಾಕಿಕೊಂಡ ಮೇಲೆ ಎರಡೂ ಕೈ ಮೇಲೆತ್ತಬೇಕು, ಬಗ್ಗಿ ಚಪ್ಪಲಿ ಹಾಕಬೇಕು, ಕೂತು ಏಳಬೇಕು. ನನ್ನದೇ ಒಂದು ಪರೀಕ್ಷೆ ಇದೆ, ಅಭಿಮನ್ಯುವಿನ ಒಂದು ಉದ್ದ ಮಾತನ್ನು ಮುಂಚಿನ ಹಾಗೆ ಒಂದೇ ಉಸಿರಿಗೆ ಹೇಳಿ ನೋಡುತ್ತೇನೆ. ನಡುವೆ ಉಸಿರು ಕದಿಯಬೇಕಾಗಿ ಬಂದರೆ ಆ ಬೈಂಡರ್ ಬಿಗಿ ಅಂತ ಅರ್ಥ.

ಮೊದಲ ದಿನವೇ ಆಫೀಸಿಗೆ ಹಾಕಿಕೊಂಡು ಹೋಗಬೇಡಿ. ಮನೆಯಲ್ಲಿ ಒಂದೆರಡು ಗಂಟೆ ಹಾಕಿ ನೋಡಿ, ನಿಧಾನಕ್ಕೆ ಏರಿಸಿ. 8 ಗಂಟೆ ದಾಟಬಾರದು. ಮಲಗುವಾಗ ಇಲ್ಲವೇ ಇಲ್ಲ. ಓಟ, ಜಿಮ್, ಕುಣಿತಕ್ಕೆ ಇಲ್ಲ. ಜ್ವರ, ಕೆಮ್ಮು ಇದ್ದಾಗ ಇಲ್ಲ. ಆಸ್ತಮಾ ಇದ್ದವರು ಡಾಕ್ಟರನ್ನು ಕೇಳದೆ ಹಾಕಲೇಬಾರದು. ಪಕ್ಕೆ ಚುಚ್ಚಿದರೆ, ತಲೆ ಸುತ್ತಿದರೆ, ಬೆರಳು ಜುಮ್ಮೆಂದರೆ ಎಲ್ಲಿದ್ದೀರೋ ಅಲ್ಲೇ ಬಾತ್‌ರೂಮ್ ಹುಡುಕಿ ತೆಗೆದುಬಿಡಿ. ಬ್ಯಾಗಿನಲ್ಲಿ ಒಂದು ಸ್ಪೋರ್ಟ್ಸ್ ಬ್ರಾ, ಒಂದು ದೊಗಲೆ ಶರ್ಟು ನನ್ನ ಹತ್ತಿರ ಯಾವಾಗಲೂ ಇರುತ್ತದೆ.

ವಾರದಲ್ಲಿ ಬಿಡುವಿನ ದಿನಗಳು ಇರಬೇಕು ಅನ್ನುವುದನ್ನು ಮಾತ್ರ ಎಲ್ಲರೂ ಹಗುರಾಗಿ ತೆಗೆದುಕೊಳ್ಳುತ್ತಾರೆ. 2017ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ ಎದೆ ಬಿಗಿದುಕೊಳ್ಳುವ 1,800 ಜನರನ್ನು ಕೇಳಿದ್ದರು. ಅವರಲ್ಲಿ ಶೇ. 97 ಜನ ಬೆನ್ನು ನೋವು, ಉಸಿರಿನ ತೊಂದರೆ, ತುರಿಕೆ ಹೀಗೆ ಒಂದಲ್ಲ ಒಂದು ತೊಂದರೆ ಹೇಳಿದ್ದರು. ಮನಸ್ಸಿಗೆ ಹಗುರ ಆಯಿತು ಅಂತಲೂ ಹೇಳಿದ್ದರು, ಎರಡೂ ನಿಜ. ನನ್ನ ಗಮನ ಹೋಗಿದ್ದು ಬೇರೆ ಕಡೆ: ವಾರಕ್ಕೆ ಎಷ್ಟು ದಿನ ಹಾಕುತ್ತಾರೆ ಅನ್ನುವುದಕ್ಕೂ ತೊಂದರೆಗಳಿಗೂ ಹತ್ತಿರದ ನಂಟು ಇತ್ತು. ಅದನ್ನು ಓದಿದ ಮೇಲೆ ನಾನು ಶನಿವಾರ, ಭಾನುವಾರ ಮತ್ತು ಮನೆಯಿಂದ ಕೆಲಸ ಮಾಡುವ ದಿನ ಬೈಂಡರ್ ಮುಟ್ಟುವುದಿಲ್ಲ. ಬಿಡುವಿನ ದಿನಕ್ಕೂ ಒಳ್ಳೆ ಶರ್ಟು ಬೇಕು ಅಂತ ಅಷ್ಟು ಉದ್ದ ಬರೆದದ್ದು ಇದಕ್ಕೇ.

ಸೆಕೆಯ ಬಗ್ಗೆ ಹೇಳಲೇಬೇಕು. ಇದರ ಬಗ್ಗೆ ಸಿಗುವ ಬರಹಗಳೆಲ್ಲ ತಂಪು ದೇಶದವರವು. ಬೆಂಗಳೂರಿನಲ್ಲಿ ಹೇಗೋ ನಡೆಯುತ್ತದೆ. ಏಪ್ರಿಲ್‌ನಲ್ಲಿ ಉಡುಪಿಯಲ್ಲಿ ಬೈಂಡರ್ ಹಾಕಿಕೊಂಡು ಜಾತ್ರೆಗೆ ಹೋಗುತ್ತೇನೆ ಅಂದರೆ ಆ ಧೈರ್ಯಕ್ಕೆ ನಮಸ್ಕಾರ. ಬೆವರು ಒಳಗೇ ನಿಂತು ಎದೆಯ ಕೆಳಗಿನ ಮಡಿಕೆಯಲ್ಲಿ ಕೆಂಪಾಗಿ ತುರಿಸಲು ಶುರು ಆಗುತ್ತದೆ, ಅದು ಹೆಚ್ಚಾಗಿ ಫಂಗಸ್. ಒಳಗೆ ತೆಳು ಹತ್ತಿ ಬನಿಯನ್ ಹಾಕಿ, ಮನೆಗೆ ಬಂದ ಕೂಡಲೇ ತೊಳೆದು ಒರೆಸಿ ಪೂರ್ತಿ ಒಣಗಿಸಿ. ಬೈಂಡರನ್ನು ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಮಷೀನಿನ ಬಿಸಿಗೆ ಲೈಕ್ರಾ ಸತ್ತುಹೋಗುತ್ತದೆ. ಎರಡು ಇದ್ದರೆ ಒದ್ದೆಯದನ್ನು ಹಾಕಿಕೊಳ್ಳುವ ಪರಿಸ್ಥಿತಿ ಬರುವುದಿಲ್ಲ, ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಬೈಂಡರ್ ಬದಲು ಎದೆಗೆ ಅಂಟಿಸುವ ಟೇಪು ಕೂಡ ಇದೆ, ಆಟಗಾರರು ಮಂಡಿಗೆ ಹಚ್ಚಿಕೊಳ್ಳುವ ಹಿಗ್ಗುವ ಟೇಪಿನ ಜಾತಿಯದು. ಮೈ ಸುತ್ತ ಸುತ್ತಬಾರದು. ಎದೆಯನ್ನು ಪಕ್ಕಕ್ಕೆ ಸರಿಸಿ ಒಂದೊಂದು ಬದಿ ಬೇರೆ ಬೇರೆ ಅಂಟಿಸಬೇಕು, ಮೊಲೆತೊಟ್ಟಿನ ಮೇಲೆ ಅಂಟದ ಪಟ್ಟಿ ಇಡಬೇಕು, ಮೊದಲು ಸಣ್ಣ ತುಂಡು ಅಂಟಿಸಿ ಒಂದು ದಿನ ಚರ್ಮ ಏನನ್ನುತ್ತದೆ ನೋಡಬೇಕು. ತೆಗೆಯಲು ತೆಂಗಿನೆಣ್ಣೆ ಧಾರಾಳ ಹಚ್ಚಿ ನೆನೆಸಿ, ನಿಧಾನಕ್ಕೆ ಮಡಚುತ್ತಾ ಬಿಡಿಸಿ. ನನ್ನ ಚರ್ಮಕ್ಕೆ ಒಗ್ಗಲಿಲ್ಲ, ಬಿಟ್ಟೆ. ಕೆಲವು ಗೆಳೆಯರು ಅದನ್ನೇ ಹಾಕುತ್ತಾರೆ.

ಬೆನ್ನಿಗೂ ಕೆಲಸ ಇತ್ತು. ವರ್ಷಗಟ್ಟಲೆ ಎದೆ ಮುಚ್ಚಿಕೊಳ್ಳಲು ಭುಜ ಮುಂದೆ ಮಡಚಿಕೊಂಡು ಕೂತಿದ್ದರಿಂದ ಎದೆಯ ಸ್ನಾಯು ಗಿಡ್ಡವಾಗಿ ಕುತ್ತಿಗೆ ಹಿಡಿಯುತ್ತಿತ್ತು. ಫಿಸಿಯೋ ಹೇಳಿಕೊಟ್ಟದ್ದು ಎರಡೇ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಇಟ್ಟು ಒಂದು ಹೆಜ್ಜೆ ಮುಂದೆ ಬರುವುದು, ಮತ್ತು ಗೋಡೆಗೆ ಬೆನ್ನು ಒತ್ತಿ ನಿಂತು ಕೈಗಳನ್ನು ಗೋಡೆಯ ಮೇಲೆಯೇ ಮೇಲೆ ಕೆಳಗೆ ಜಾರಿಸುವುದು. ಬೈಂಡರ್ ತೆಗೆದ ಮೇಲೆ ದೀರ್ಘ ಉಸಿರು ಎಳೆದು ಒಮ್ಮೆ ಜೋರಾಗಿ ಕೆಮ್ಮುವುದನ್ನೂ ರೂಢಿ ಮಾಡಿಕೊಂಡಿದ್ದೇನೆ.

ಕೂದಲು ಕತ್ತರಿಸಿದ್ದು ಇದೆಲ್ಲ ಆದ ಮೇಲೆ. ಹತ್ತಿರದ ಜೆಂಟ್ಸ್ ಸಲೂನಿನವನು "ಲೇಡೀಸ್‌ಗೆ ಮಾಡಲ್ಲ" ಅಂದ, ಮುಂದಿನ ಬೀದಿಯವನು ಏನೂ ಕೇಳದೆ ಪಕ್ಕ ಮಷೀನ್ ಹಾಕಿ ಮೇಲೆ ಬಿಟ್ಟ. ಅವತ್ತಿನಿಂದ ಬಸ್ಸಿನಲ್ಲಿ ಹೊಸ ನಾಟಕ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೂ ಇಲ್ಲ. ಕಂಡಕ್ಟರ್ ನನ್ನ ಮುಖ ನೋಡುತ್ತಾರೆ, ಆಧಾರ್ ನೋಡುತ್ತಾರೆ, ಮತ್ತೆ ಮುಖ ನೋಡುತ್ತಾರೆ. ಒಬ್ಬರು "ಏನಾದ್ರೂ ಇರ್ಲಿ ಬಿಡಿ, ಹೇಗೂ ಫ್ರೀ" ಅಂತ ಚೀಟಿ ಹರಿದು ಕೊಟ್ಟರು. ಲೆಕ್ಕ ಸರಿಯಾಗಿಯೇ ಇತ್ತು.

ಮನೆಯಲ್ಲಿ ಅಷ್ಟು ಸಲೀಸಾಗಿರಲಿಲ್ಲ. ಅಮ್ಮನಿಗೆ ಕೂದಲಿಗಿಂತ ಶರ್ಟಿನದೇ ದುಃಖ. ದೊಡ್ಡಪ್ಪನ ಮಗಳ ಮದುವೆಗೆ ಸೀರೆ ಉಡಲೇಬೇಕು ಅಂತ ಹಟ ಹಿಡಿದರು. ನಾನು ಜಗಳ ಮಾಡಲಿಲ್ಲ, ರವಿಕೆ ನಾನೇ ಹೊಲಿಯುತ್ತೇನೆ ಅಂದೆ. ಕಾಲರ್ ಇರುವ, ಉದ್ದ ತೋಳಿನ, ಡಾರ್ಟ್ ಇಲ್ಲದ ಶರ್ಟಿನಂಥ ರವಿಕೆ, ಗಟ್ಟಿ ಖಾದಿಯದು. ಸೆರಗನ್ನು ನಿರಿಗೆ ಮಾಡದೆ ಅಗಲಕ್ಕೆ ಬಿಟ್ಟು ಭುಜದಲ್ಲಿ ಪಿನ್ ಹಾಕಿದೆ. ಸೀರೆಯೊಳಗೆ ನನ್ನ ಎದೆ ಎಲ್ಲಿದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಇಬ್ಬರು ಅತ್ತೆಯರು ರವಿಕೆಯ ಮಾದರಿ ಕೇಳಿದರು! ಅಮ್ಮ ಅವತ್ತು ಏನೂ ಹೇಳಲಿಲ್ಲ. ಆಮೇಲೆ ಒಂದು ಸಲ ಫೋನಿನಲ್ಲಿ, ಅದೂ ಇದೂ ಮಾತಾಡುತ್ತಾ, "ನಿಂಗೆ ಅಷ್ಟು ಕಷ್ಟ ಆಗ್ತದಾ ಅದು?" ಅಂತ ಕೇಳಿದರು. ಹೌದು ಅಂದೆ. "ನೋವು ಮಾಡ್ಕೊಳ್ಬೇಡ" ಅಂದರು. ಪೂರ್ತಿ ಒಪ್ಪಿದ್ದಾರೆ ಅಂತ ನಾನು ಹೇಳುವುದಿಲ್ಲ. ಅರ್ಥ ಮಾಡಿಕೊಳ್ಳದೆಯೇ ಕಾಳಜಿ ಮಾಡುವುದು ಅವರಿಗೆ ಬರುತ್ತದೆ, ಸದ್ಯಕ್ಕೆ ನನಗೆ ಅದು ನಡೆಯುತ್ತದೆ.

ಕೌನ್ಸೆಲಿಂಗ್‌ಗೂ ಹೋದೆ. ಮೊದಲು ಸಿಕ್ಕವರು ಮದುವೆ ಆದರೆ ಸರಿ ಹೋಗುತ್ತದೆ ಅಂದರು, ಮತ್ತೆ ಆ ಕಡೆ ಹೋಗಲಿಲ್ಲ. ಇದು ಎಲ್ಲರಿಗೂ ತಿಳಿದಿರಲಿ: ಹೀಗೆ "ಸರಿ ಮಾಡುವ" ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಡಾಕ್ಟರುಗಳ ವೃತ್ತಿ ದುರ್ನಡತೆ ಅಂತ ಹೇಳಿದೆ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಎರಡನೆಯವರು ಒಳ್ಳೆಯವರು ಸಿಕ್ಕರು. ನನ್ನ ಫೋನಿನ ಪಟ್ಟಿ ಓದಿಸಿ ಕೇಳಿದರು, ಯಾವ ತೀರ್ಪೂ ಕೊಡಲಿಲ್ಲ. "ನಾಳೆ ಬೆಳಿಗ್ಗೆ ಎದ್ದಾಗ ಎದೆ ಚಪ್ಪಟೆ ಆಗಿದ್ರೆ ಏನು ಮಾಡ್ತೀರಿ?" ಅಂತ ಕೇಳಿದರು. ಈಜಲು ಹೋಗುತ್ತೇನೆ ಅಂತ ಬಾಯಿಗೆ ಬಂತು. ಕಡಲ ತೀರದಲ್ಲಿ ಹುಟ್ಟಿ ಬೆಳೆದು, ಹೈಸ್ಕೂಲಿನ ಮೇಲೆ ನಾನು ಸಮುದ್ರಕ್ಕೆ ಇಳಿದೇ ಇರಲಿಲ್ಲ. ಅದು ನನಗೇ ಹೊಳೆದಿರಲಿಲ್ಲ. ತೀರಾ ಮನಸ್ಸು ಕುಸಿದಾಗ, ರಾತ್ರಿ ಹೊತ್ತು ಯಾರೂ ಇಲ್ಲದಾಗ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಈಗ ನನ್ನನ್ನು ನಾನು ನಾನ್‌ಬೈನರಿ ಅನ್ನುತ್ತೇನೆ, ಅಂದರೆ ಗಂಡು ಅಥವಾ ಹೆಣ್ಣು ಅನ್ನುವ ಎರಡರಲ್ಲಿ ಒಂದಕ್ಕೆ ಸೇರದವರು. ಗಂಡು ಅನ್ನಿಸಿಕೊಳ್ಳುವ ಆಸೆ ನನಗೆ ಬರಲಿಲ್ಲ, ಹೆಣ್ಣು ಅಂದಾಗ ಅದು ಪಕ್ಕದವರನ್ನು ಕರೆದ ಹಾಗೆ ಕೇಳುತ್ತದೆ. ಇದೇ ದಾರಿಯಲ್ಲಿ ಶುರು ಮಾಡಿದ ಒಬ್ಬ ಗೆಳೆಯ ತಾನು ಟ್ರಾನ್ಸ್ ಮ್ಯಾನ್, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರೂ ಗಂಡಸು, ಅಂತ ಕಂಡುಕೊಂಡ. ಇನ್ನೊಬ್ಬಳು ಕೆಲವು ವರ್ಷ ಬೈಂಡರ್ ಹಾಕಿ, ಬಿಟ್ಟು, ಈಗ ಗಂಡಸರ ಶರ್ಟು ಹಾಕುವ ಹೆಂಗಸಾಗಿ ಆರಾಮಾಗಿದ್ದಾಳೆ. ಅವಳ ಬೈಂಡರುಗಳು ಬೇರೆಯವರಿಗೆ ಹೋದವು. ಮೂವರಲ್ಲಿ ಯಾರದ್ದೂ ಸುಳ್ಳಲ್ಲ. ಲಿಂಗತ್ವವನ್ನು ಅವರವರೇ ಹೇಳಿಕೊಳ್ಳಬೇಕು, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಒತ್ತಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಮೊಕದ್ದಮೆಯ ತೀರ್ಪಿನಲ್ಲಿ ಹೇಳಿತ್ತು. ಆಫೀಸಿನಲ್ಲಿ ನನ್ನ ತಂಡದವರು "ಅವರು" ಅನ್ನುತ್ತಾರೆ, ಯಾರಿಗೂ ಕಷ್ಟ ಆಗಿಲ್ಲ.

ಎದೆಯ ಆಪರೇಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎದೆ ದೊಡ್ಡದಿದ್ದರೆ ಸಾಮಾನ್ಯವಾಗಿ ಎರಡು ಅಡ್ಡ ಗಾಯದ ವಿಧಾನ, ಗುರುತು ಉಳಿಯುತ್ತದೆ. ಸಣ್ಣದಿದ್ದರೆ ತೊಟ್ಟಿನ ಸುತ್ತಲಿನ ಸಣ್ಣ ಗಾಯದಿಂದಲೂ ಮಾಡುತ್ತಾರೆ. ಮೊದಲು ಮನೋವೈದ್ಯರ ಪತ್ರ ಕೇಳುತ್ತಾರೆ. ಇದು ಹಿಂದಿರುಗದ ದಾರಿ. ಹಾಗಾಗಿ ಅಂಗಿ, ಬೈಂಡರ್, ಕೂದಲು ಎಲ್ಲಾ ನೋಡಿ ಆದ ಮೇಲೂ ಆ ಸ್ನಾನದ ಮನೆಯ ಭಾವನೆ ಹಾಗೇ ಇದ್ದರೆ ಯೋಚಿಸಬೇಕು ಅನ್ನುವುದು ನನ್ನ ಲೆಕ್ಕ. ನನಗೆ ಕಡಿಮೆ ಆಗಿದೆ, ಹೋಗಿಲ್ಲ. ಒಬ್ಬ ಸರ್ಜನ್ ಹತ್ತಿರ ಮಾತಾಡಿ ಬಂದಿದ್ದೇನೆ, ದುಡ್ಡು ಕೂಡಿಡುತ್ತಿದ್ದೇನೆ, ತೀರ್ಮಾನ ಮಾಡಿಲ್ಲ.

ಇನ್ನೊಂದು ವಿಷಯ, ನಮ್ಮವರು ಯಾರೂ ಮಾಡುವುದಿಲ್ಲ ಅದಕ್ಕೇ ಬರೆಯುತ್ತೇನೆ. ಎದೆ ಇಷ್ಟವಿಲ್ಲ ಅಂತ ಅದನ್ನು ಮುಟ್ಟಿ ನೋಡುವುದನ್ನೂ ಬಿಟ್ಟುಬಿಡುತ್ತೇವೆ. ಗಂಟು ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಕ್ಕೆ ಎಳೆದುಕೊಂಡರೆ, ಒಂದೇ ಕಡೆ ಬಾವು ಬಂದರೆ ಅದನ್ನು ಬೈಂಡರ್ ಮೇಲೆ ಹಾಕಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ನಾನು ಸೋಪು ಹಚ್ಚುವಾಗ ಕಣ್ಣು ಮುಚ್ಚಿಕೊಂಡು, ಬೇರೆ ಏನೋ ಯೋಚಿಸುತ್ತಾ ನೋಡಿಕೊಳ್ಳುತ್ತೇನೆ. ಆಸ್ಪತ್ರೆಗೆ ಹೋಗುವಾಗ ಜತೆಗೆ ಒಬ್ಬರನ್ನು ಕರೆದುಕೊಂಡು ಹೋಗುತ್ತೇನೆ, ಅಂಗಿ ಬಿಚ್ಚುವ ಮುಂಚೆಯೇ "ಇದು ನನಗೆ ಕಷ್ಟ, ಬೇಗ ಮುಗಿಸಿ, ಏನು ಮಾಡ್ತೀರಿ ಅಂತ ಮೊದಲೇ ಹೇಳಿ" ಅನ್ನುತ್ತೇನೆ. ಕಳೆದ ಸಲದ ಡಾಕ್ಟರು ಹಾಗೇ ಮಾಡಿದರು. ಮುಗಿದ ಮೇಲೆ ಶರ್ಟು ಎಲ್ಲಿ ಹೊಲಿಸಿದ್ದು ಅಂತಲೂ ಕೇಳಿದರು.